ಹುಲಿ-ಕುರಿ ಆಟಕ್ಕೊಂದು ನಾಯಿ

ಎರಡು ಕೆಲಸ ಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಒಂದನ್ನೇ ನೆಟ್ಟಗೆ ಕಲಿಯಲಾಗದವನಿಗೆ ಅದು ಸಹಜವೇ ಅನ್ನಿ. ಹಾರ್ಮೋನಿಯಂ ನುಡಿಸುವ ದರ್ಜಿ, ಮುರಿದ ಮೂಳೆ ಕಟ್ಟುವ ಶಾಲಾ ಮಾಸ್ತರು, ಇಂಥವರ ಮುಂದೆ ನಾನು ಬರೀ ಗುಮಾಸ್ತನಾಗಿ ನಿಂತು ಕುಗ್ಗಿಹೋಗಿದ್ದೇನೆ. ಆ ಕಿಚ್ಚು ತಣ್ಣಗಾಗಿ ಮೆಚ್ಚುಗೆಯಾದದ್ದು ಒಬ್ಬನ ವಿಷಯದಲ್ಲಿ ಮಾತ್ರ. ಅವನು ಹಾಲಪ್ಪ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೂಡ್ಲಿಗಿಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತ, ಹಾಲಪ್ಪ ಜವಾನ. ಹಲವಾಗಲಿನ ಕಡೆ ಕುರಿ ಸಾಕುವ ಮನೆತನದವನು. ಆ ಮನೆಯಲ್ಲಿ ಸಂಬಳ ಕಂಡವರಲ್ಲಿ ಅವನೇ ಮೊದಲಿಗ. ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಬೇವಿನ ಮರದಡಿ, ಹಾಸುಗಲ್ಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹುಲಿ-ಕುರಿ ಆಟಕ್ಕೆ ಕೂರುತ್ತಿದ್ದೆವು. ಹುಲಿ ಒಂದು ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆ ಕುರಿ ಸತ್ತಂತೆ. ಕುರಿಗಳು ಸುತ್ತುಗಟ್ಟಿ ಅಲುಗಾಡದಂತೆ ಮಾಡಿದರೆ ಹುಲಿ ಸೋತಂತೆ. ಒಂದಕ್ಕೆ ಬಲ, ಇನ್ನೊಂದಕ್ಕೆ ಬಳಗ. ಯಾವ ಪುಣ್ಯಾತ್ಮ ತೂಗಿಟ್ಟನೋ, ಆ ತಕ್ಕಡಿ ಇವತ್ತಿಗೂ ವಾಲಿಲ್ಲ.

ಅಂಥ ಆಟಕ್ಕೆ ಹಾಲಪ್ಪ ಒಂದು ದಿನ ಮೂರನೆಯ ಕಾಯಿ ತಂದ. ನುಣ್ಣಗಿನ ಕರಿಕಲ್ಲು.

"ಇದು ನಾಯಿರಿ ಸರ. ಅರ್ಧ ಹುಲಿ, ಅರ್ಧ ಕುರಿ. ಇದನ್ನ ಆಡ್ಸಾಕ ಮೂರನೇ ಮನುಷ್ಯಾ ಬೇಕು."

"ಇಬ್ಬರ ಆಟ ಚಂದ ಐತಲ್ಲೋ, ಮೂರನೇದವ ಯಾಕ?"

ಅವನು ಕಲ್ಲನ್ನು ಅಂಗೈಯಲ್ಲಿ ಉರುಳಿಸುತ್ತಾ ಹೇಳಿದ. ಅವರ ಮನೆತನದಲ್ಲಿ ಒಂದು ಕಟ್ಟಳೆ. ಹಿಂಡಿನ ಹಿಂದೆ ನಡೆಯುವವನೇ ಕುರಿಗಳನ್ನು ಆಡಿಸಬೇಕು. ಹುಲಿಗಳು ಬಂದ ನೆಂಟರಿಗೆ. ನೌಕರಿ ಸಿಕ್ಕ ಮೇಲೆ ಹಾಲಪ್ಪ ಹಿಂಡಿನ ಹಿಂದೆ ನಡೆಯುವವನಲ್ಲ, ಹಾಗಂತ ನೆಂಟನೂ ಅಲ್ಲ. ರಜೆಗೆ ಹೋದಾಗ ಅಣ್ಣ ಬೀರಪ್ಪ ದಾರಿಹೋಕರನ್ನೆಲ್ಲ ಕರೆದು ಆಟಕ್ಕೆ ಕೂರಿಸುತ್ತಾನೆ. ಇವನು ಮಗ್ಗುಲಲ್ಲಿ ಕೂತು ನೋಡಬೇಕು. "ಮೂರು ವರ್ಷ ಆತ್ರಿ, ನಮ್ಮಣ್ಣ ನನ್ನ ಕೂಡ ಒಂದ್ ಆಟ ಆಡಿಲ್ಲ" ಅಂದ.

"ಅದಕ್ಕ ನೀನೇ ನಾಯಿ ಆಗ್ತೀಯೇನೋ?" ಎಂದು ನಗಿಸಲು ನೋಡಿದೆ.

"ಕುರಿ ಕಾಯೋರ ಮನ್ಯಾಗ ನಾಯಿ ಅಂದ್ರ ಬೈಗುಳ ಅಲ್ರಿ ಸರ" ಅಂದ. ನನ್ನ ನಗು ನನ್ನ ಬಾಯಲ್ಲೇ ಉಳಿಯಿತು.

ಅಲ್ಲಿಂದ ನಮ್ಮ ಬಿಡುವಿನ ವೇಳೆಯೆಲ್ಲ ಆ ನಾಯಿಯನ್ನು ತೂಗುವುದರಲ್ಲೇ ಹೋಯಿತು. ಮೊದಲು ಅದಕ್ಕೆ ಕುರಿಯ ನಡಿಗೆ, ಹುಲಿಯ ಹಾರು ಎರಡನ್ನೂ ಕೊಟ್ಟೆವು. ಊಟದ ಡಬ್ಬಿ ಬಿಚ್ಚುವುದರೊಳಗೆ ಅದು ಹುಲಿಗಳನ್ನೆಲ್ಲ ಮುಗಿಸಿತು. ಇದು ಅತಿಯಾಯಿತೆಂದು ಹಾರುವುದನ್ನು ಕಿತ್ತುಕೊಂಡರೆ, ಹೆಸರಿಗೆ ನಾಯಿ, ಎಲ್ಲಕ್ಕಿಂತ ಮೊದಲು ಹುಲಿಯ ಬಾಯಿಗೆ ಬೀಳುವುದು ಅದೇ. ಕೊನೆಗೆ, ಹಾರಬಹುದು, ಕೊಲ್ಲುವಂತಿಲ್ಲ, ಅದನ್ನೂ ಯಾರೂ ಕೊಲ್ಲುವಂತಿಲ್ಲ ಎಂದು ರಾಜಿ ಮಾಡಿದೆವು. ಆಗ ಅದು ಯಾರಿಗೂ ಉಪಕಾರವಿಲ್ಲದೆ, ಯಾರಿಂದಲೂ ಅಪಾಯವಿಲ್ಲದೆ ಆ ಕಡೆ ಈ ಕಡೆ ಓಡಾಡಿಕೊಂಡಿತ್ತು. ಥೇಟ್ ನನ್ನ ಹಾಗೆ.

ಇದು ಹೊಸ ತಾಪತ್ರಯವೇನಲ್ಲ. ನಮ್ಮ ಕಡೆಯ ಹಳೆಯ ಗುಡಿಗಳ ಕಂಬದಲ್ಲಿ ಯಾಳಿಯನ್ನು ನೋಡಿದ್ದೀರಲ್ಲ, ಸಿಂಹದ ಮೈ, ಆನೆಯ ಸೊಂಡಿಲು? ಎರಡು ಪ್ರಾಣಿಗಳ ಬಲ ಒಂದಕ್ಕೇ ಕೊಟ್ಟ ಶಿಲ್ಪಿ ಸುಮ್ಮನೆ ಬಿಡಲಿಲ್ಲ, ಗುಡಿಯ ಚಾವಣಿಯನ್ನು ಅದರ ತಲೆಯ ಮೇಲೆ ಹೇರಿದ. ಅವನಿಗೆ ಲೆಕ್ಕ ತಿಳಿದಿತ್ತು. ನಮ್ಮ ನಾಯಿಯ ತಲೆಯ ಮೇಲೆ ಏನು ಹೇರಬೇಕೆಂಬುದು ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊಳೆಯದಿದ್ದರೂ ಹಾಲಪ್ಪನ ತಾಳ್ಮೆ ಮುಗಿಯಿತು. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಕೊಟ್ಟೂರು, ಹರಪನಹಳ್ಳಿ ಅಂತ ಬಸ್ಸು ಬದಲಿಸುತ್ತಾ ಊರಿಗೆ ಹೊರಟ. ದಾರಿಯುದ್ದಕ್ಕೂ ಕರಿಕಲ್ಲು ಅವನ ಮುಷ್ಟಿಯಲ್ಲೇ ಇತ್ತು. ಹೊಳೆದಂಡೆಯ ಬಂಡೆಯ ಮೇಲೆ ಬೀರಪ್ಪ ಕೂತಿದ್ದ, ಆಚೆ ಜಾಲಿಯ ನೆರಳಲ್ಲಿ ಹಿಂಡು ಮಲಗಿತ್ತು. ಬಂಡೆಯಲ್ಲಿ ಆಟದ ಗೆರೆ ಕೊರೆದೇ ಇತ್ತು.

"ಬರ್ರಿ ಸರ, ಕುಂದರ್ರಿ. ಹುಲಿ ನಿಮ್ವು" ಎಂದು ನನ್ನನ್ನು ಕರೆದ. ತಮ್ಮನಿಗೆ ಕಂಬಳಿಯ ತುದಿ ತೋರಿಸಿದ, ಅಷ್ಟೇ.

ಹಾಲಪ್ಪ ಕಂಬಳಿಯ ಮೇಲೆ ಕೂರದೆ, ಕರಿಕಲ್ಲನ್ನು ಮುಂದಿಟ್ಟು ನಾಯಿಯ ವಿಷಯ ಒಂದೇ ಉಸಿರಿಗೆ ಹೇಳಿದ. ಬೀರಪ್ಪ ಕಲ್ಲನ್ನು ತಿರುಗಿಸಿ ನೋಡಿದ. ತಳ್ಳಿಹಾಕುತ್ತಾನೆ ಎಂದೇ ನಾನು ಅಂದುಕೊಂಡೆ.

"ಹಾರತೈತಿ, ಸಾಯಂಗಿಲ್ಲ. ಇದೆಂಥಾ ನಾಯಿಲೇ? ಇಂಥಾದ್ದನ್ನ ಎಲ್ಲಿ ಕಂಡಿ ನೀನು?" ಎಂದ. ಆಮೇಲೆ ಹಿಂಡಿನ ಕಡೆ ನೋಡುತ್ತಾ, ಯಾರಿಗೋ ಹೇಳುವವನ ಹಾಗೆ, "ಕುರಿ ಮಗ್ಗಲಾಗ ಇದ್ರ ನಾಯಿಗೆ ಧೈರ್ಯ, ನಾಯಿ ಮಗ್ಗಲಾಗ ಇದ್ರ ಕುರಿಗೆ ಧೈರ್ಯ. ನಾಯಿ ಒಂದಾ ಸಿಕ್ತು ಅಂದ್ರ ತ್ವಾಳ ಅದನ್ನೂ ತಿಂತಾವು" ಎಂದ.

ತಿಂಗಳುಗಟ್ಟಲೆ ನಾವು ಹುಡುಕಿದ್ದು ಅದನ್ನೇ! ನಾಯಿಯ ಪಕ್ಕದ ಮನೆಯಲ್ಲಿ ಕುರಿಯಿದ್ದರೆ ಹುಲಿ ಅವೆರಡರ ಮೇಲೂ ಹಾರುವಂತಿಲ್ಲ. ಕುರಿ ಬಿಟ್ಟು ದೂರವಾದರೆ ನಾಯಿಯೂ ಹುಲಿಯ ಪಾಲು. ಹಾರು ಬೇಡ, ಕೊಲ್ಲುವುದೂ ಬೇಡ. ಓದುಬರಹ ಬಾರದ ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

"ಹಂಗಾದ್ರ ನಾಯಿ ನಾನಾ ಆಡಸ್ಲೇನಣ್ಣಾ?" ಎಂದು ಹಾಲಪ್ಪ ಕೇಳಿದ.

"ಇಟ್ಟು ನೋಡು, ನೋಡೋಣು."

ಆಟ ಶುರುವಾಯಿತು. ಹುಲಿಗಳು ನನ್ನವು, ಕುರಿಗಳು ಬೀರಪ್ಪನವು, ನಾಯಿ ಹಾಲಪ್ಪನದು. ಅಣ್ಣತಮ್ಮಂದಿರು ಸೇರಿ ನನ್ನ ಹುಲಿಗಳನ್ನು ಒಂದೊಂದಾಗಿ ಕಟ್ಟಿಹಾಕುತ್ತಾ ಬಂದರು. ಬೀರಪ್ಪ ಇನ್ನೊಂದೇ ಒಂದು ಕುರಿ ಸರಿಸಿದ್ದರೆ ಕೊನೆಯ ಹುಲಿಯೂ ಮುಗಿಯುತ್ತಿತ್ತು. ಆದರೆ ಗೆಲುವಿನ ಹುರುಪಿನಲ್ಲಿ ಹಾಲಪ್ಪ ಅದೇ ಹುಲಿಯನ್ನು ತಡೆಯಲು ನಾಯಿಯನ್ನು ತೀರ ಮುಂದಕ್ಕೆ ನುಗ್ಗಿಸಿಬಿಟ್ಟಿದ್ದ. ಅದರ ಮಗ್ಗುಲಲ್ಲಿ ಕುರಿಯಿಲ್ಲ, ಬೆನ್ನಿಗೆ ಖಾಲಿ ಮನೆ. ನಡೆ ಬೀರಪ್ಪನದು. ಆ ಒಂದು ಕುರಿ ಸರಿಸಿದರೆ ಹುಲಿ ನಾಯಿಯನ್ನು ಹಾರಿ ಕೊಂದು, ಇಳಿದ ಮನೆಯಲ್ಲೇ ಸಿಕ್ಕಿಬೀಳುತ್ತಿತ್ತು; ಆಟ ಗೆದ್ದಂತೆ, ನಾಯಿ ಸತ್ತಂತೆ. ಹುಲಿಯನ್ನು ಮುಗಿಸಬೇಕಾದ ಕುರಿಯ ಮೇಲೆ ಅವನು ಬೆರಳಿಟ್ಟ, ಒಂದು ಗಳಿಗೆ ತಡೆದ. ಆಮೇಲೆ ಅದನ್ನು ಸರಿಸಿ ತಂದು ನಾಯಿಯ ಮಗ್ಗುಲಿಗೆ ನಿಲ್ಲಿಸಿದ.

ಸುತ್ತುಗೋಟೆ ಬಿರಿಯಿತು. ನನ್ನ ಹುಲಿಗಳು ಆ ಸಂದಿನಲ್ಲಿ ನುಗ್ಗಿ ಹಿಂಡನ್ನೆಲ್ಲ ಬಳಿದು ಹಾಕಿದವು.

"ಅಣ್ಣಾ, ಕೈಗೆ ಬಂದ ಆಟ ಹೋತಲ್ಲೋ!" ಎಂದು ಹಾಲಪ್ಪ ಕೂಗಿದ.

"ಹೋಗ್ಲಿ ಬಿಡಲೇ. ನಾಯಿ ಒಂದಾ ನಿಂತಿತ್ತು."

ಹಾಲಪ್ಪ ಹೊಳೆಯ ಕಡೆ ಮುಖ ತಿರುಗಿಸಿ, ಧೂಳು ಬಿದ್ದವನಂತೆ ಕಣ್ಣುಜ್ಜಿಕೊಂಡ.

ಗೆದ್ದವನು ನಾನು. ಅದನ್ನು ಹೇಳಿಕೊಳ್ಳೋಣವೆಂದು ಎರಡು ಸಲ ಬಾಯಿ ತೆರೆದೆ. ಕೇಳುವವರು ಯಾರು? ಅವರಿಬ್ಬರೂ ಆಗಲೇ ಮುಂದಿನ ಆಟಕ್ಕೆ ಕಲ್ಲು ಜೋಡಿಸುತ್ತಾ, ನಾಯಿ ಯಾವ ಮನೆಯಲ್ಲಿ ನಿಲ್ಲಬೇಕೆಂದು ಜಗಳಕ್ಕೆ ಬಿದ್ದಿದ್ದರು.