ಮಗಳೊಬ್ಬಳಿಗೆ ಕೇಳಿಸಿದ ಪದ

ಎಂಬತ್ತರ ದಶಕದ ಕೊನೆಯಲ್ಲಿ ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರಾಗಿದ್ದವರನ್ನು ಮದುವೆಯಾಗಿ ಬಂದವಳು. ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಕಾರಿಡಾರಿನಲ್ಲಿ ಎದುರಾದರೆ ಅವಳ ಬಾಯಲ್ಲಿ ನಾನು ‘ಮಿಸ್’. ಮನೆ ಸೇರಿದ ಮೇಲೆಯೇ ಅಮ್ಮ.

ಒಂದು ವರ್ಷ ಅವಳ ತರಗತಿಯ ಪರೀಕ್ಷೆಗೆ ಉಕ್ತಲೇಖನ ಓದುವ ಕೆಲಸ ನನಗೆ ಬಂತು. ಓದಿ ರೂಢಿ ಮಾಡಿಕೊಳ್ಳಲಿ ಎಂದು ಹೆಡ್‌ಮಾಸ್ಟರು ಹಿಂದಿನ ದಿನವೇ ಹಾಳೆಯನ್ನು ಕೊಟ್ಟಿದ್ದರು. ಮೊದಲ ವಾಕ್ಯದಲ್ಲಿ ಒಬ್ಬ ಮುದುಕನಿದ್ದ. ಅವನಿಗೆ ಹೆತ್ತ ಮಕ್ಕಳಿಗಿಂತ ತನ್ನ ದ್ರಾಕ್ಷಿ ಬಳ್ಳಿಯ ಮೇಲೆ ಹೆಚ್ಚು ಪ್ರೀತಿ. ಇಂಗ್ಲಿಷಿನಲ್ಲಿ ಬಳ್ಳಿಯೂ ವೈನ್, ಕುಡಿಯುವುದೂ ವೈನ್. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ‘ವ’. ನನ್ನ ನಾಲಿಗೆಯಲ್ಲೂ ಅಷ್ಟೆ. ಇಂಗ್ಲಿಷರಿಗೆ ಮಾತ್ರ ಅವು ಬೇರೆಬೇರೆ ಸದ್ದು.

ಇಡೀ ತರಗತಿ ಮುದುಕನನ್ನು ಕುಡುಕನನ್ನಾಗಿ ಮಾಡಿತ್ತು. ಬಳ್ಳಿ ಎಂದು ಬರೆದವಳು ನನ್ನ ಮಗಳೊಬ್ಬಳೇ.

ಪೇಪರು ತಿದ್ದಿದವರು ನನ್ನ ಸಹೋದ್ಯೋಗಿ. ನೈರೋಬಿಯಲ್ಲೇ ಹುಟ್ಟಿದ, ಇಂಗ್ಲೆಂಡಿನಲ್ಲಿ ಓದಿ ಬಂದ ಗುಜರಾತಿ ಹೆಂಗಸು. ಅವರು ಕಟ್ಟನ್ನು ಹಿಡಿದುಕೊಂಡು ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋದರು. ನನ್ನನ್ನೂ ಕರೆಸಿದರು.

“ಒಂದು ಹುಡುಗಿ ಮಾತ್ರ ಸರಿಯಾಗಿ ಬರೆದಿದ್ದಾಳೆ. ಪೇಪರು ಆ ಹುಡುಗಿಯ ಮನೆಯಲ್ಲೇ ಇತ್ತು,” ಎಂದರು ಆಕೆ.

“ನಾನು ಅವಳಿಗೆ ತೋರಿಸಿಲ್ಲ,” ಎಂದೆ.

“ಹಾಗಾದರೆ ಅವಳಿಗೆ ಹೇಗೆ ಗೊತ್ತಾಯಿತು, ಮ್ವಾಲಿಮು?” ಎಂದು ಹೆಡ್‌ಮಾಸ್ಟರು ಕೇಳಿದರು. ಟೀಚರನ್ನು ಅಲ್ಲಿ ಹಾಗೆಯೇ ಕರೆಯುವುದು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮಗಳನ್ನು ಕರೆಸಿದರು. ಅವಳು ನನ್ನ ಮುಖ ನೋಡದೆ ಉತ್ತರ ಕೊಟ್ಟಳು: “ಅಮ್ಮ ಎರಡನ್ನೂ ಒಂದೇ ಥರ ಹೇಳುತ್ತಾಳೆ. ಆದರೆ ಬಳ್ಳಿಯ ಥರದ ಪದ ಬಂದರೆ ಹೆದರಿಕೊಂಡು ಸ್ವಲ್ಪ ತಡೆಯುತ್ತಾಳೆ. ನಂಗೆ ಗೊತ್ತಾಗುತ್ತೆ.”

ಇದನ್ನು ಅವಳು ಹೇಳಿದ್ದು ಸ್ವಚ್ಛವಾದ ಇಂಗ್ಲಿಷಿನಲ್ಲಿ. ನನ್ನ ಕಿವಿ ಸುಡತೊಡಗಿತು. ನನ್ನ ಆ ಹೆದರಿಕೆ ನನಗೇ ಗೊತ್ತಿರಲಿಲ್ಲ.

ಹೆಡ್‌ಮಾಸ್ಟರು ಅಲ್ಲೇ ಕೂತು ಕೆಲವು ವಾಕ್ಯ ಬರೆದರು. ಮಗಳ ತರಗತಿಯ ಇನ್ನಿಬ್ಬರು ಹುಡುಗಿಯರನ್ನು ಕರೆಸಿ, ಮೂವರನ್ನೂ ದೂರ ದೂರ ಕೂರಿಸಿ, ಹಾಳೆಯನ್ನು ನನ್ನ ಕೈಗಿಟ್ಟರು. “ಓದಿ, ಮ್ವಾಲಿಮು.”

ಕೆಳತುಟಿಗೆ ಹಲ್ಲು ತಾಗಿಸಿ ಹುಷಾರಾಗಿ ಓದಿದರೆ ಆ ಎರಡು ಸದ್ದುಗಳನ್ನು ನಾನೂ ಬೇರೆ ಮಾಡಬಲ್ಲೆ, ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹಾಗೆ ಓದಿದ್ದರೆ ಮೂವರೂ ಸರಿಯಾಗಿ ಬರೆಯುತ್ತಿದ್ದರು. ನನ್ನ ಮಾನ ಉಳಿಯುತ್ತಿತ್ತು, ಮಗಳ ಮೇಲಿನ ಅನುಮಾನವೂ ಉಳಿಯುತ್ತಿತ್ತು. ನಾನು ದಿನಾ ಓದುವ ಹಾಗೆಯೇ ಓದಬೇಕಿತ್ತು. ಮೂರು ಜನ ಮಕ್ಕಳು, ಇಬ್ಬರು ದೊಡ್ಡವರು ನನ್ನ ಬಾಯಿಯನ್ನೇ ನೋಡುತ್ತಿದ್ದಾಗ ನನ್ನ ಮಾಮೂಲಿ ಇಂಗ್ಲಿಷನ್ನೇ ಆಡುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಓದಿದೆ.

ಕಡಲ ದಂಡೆಯಲ್ಲಿ ಹೆಂಗಸೊಬ್ಬಳಿಗೆ ವೇಲ್ ಸಿಕ್ಕಿತು ಎಂಬುದು ಒಂದು ವಾಕ್ಯ. ಆ ಇಬ್ಬರು ಹುಡುಗಿಯರ ಹಾಳೆಯಲ್ಲಿ ಅವಳಿಗೆ ಸಿಕ್ಕಿದ್ದು ತಿಮಿಂಗಿಲ. ನನ್ನ ಮಗಳ ಹಾಳೆಯಲ್ಲಿ, ಹೆಡ್‌ಮಾಸ್ಟರು ಬರೆದಿದ್ದ ಹಾಗೆಯೇ, ಮುಸುಕು. ಉಳಿದ ವಾಕ್ಯಗಳೂ ಅದೇ ದಾರಿ ಹಿಡಿದಿದ್ದವು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನನ್ನ ಸಹೋದ್ಯೋಗಿ ಮಗಳ ಹೆಗಲ ಮೇಲೆ ಕೈಯಿಟ್ಟು ಸಾರಿ ಕೇಳಿದರು. ಹೆಡ್‌ಮಾಸ್ಟರು ನನ್ನತ್ತ ತಿರುಗಿ ಮೆಲ್ಲಗೆ, “ಪೋಲೆ, ಮ್ವಾಲಿಮು,” ಎಂದರು. ಸಾವಿನ ಮನೆಯಲ್ಲೂ ಅವರು ಇದೇ ಪದ ಹೇಳುವುದನ್ನು ಕೇಳಿದ್ದೆ.

ಮನೆಗೆ ಹೋಗುವ ಮಟಾಟುವಿನಲ್ಲಿ ಮಗಳು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. “ನೀನು ಸರಿಯಾಗೇ ಬರ್ದಿದ್ದೆ ಪುಟ್ಟ, ಯಾಕೆ ಬೇಜಾರು?” ಎಂದೆ.

“ಅವ್ರಿಬ್ರೂ ನಾಳೆ ಎಲ್ರಿಗೂ ಹೇಳ್ತಾರೆ,” ಎಂದಳು. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಿದ್ದೇ ಅಪರೂಪ. ಪಕ್ಕದಲ್ಲಿದ್ದವರಿಗೆ ತಿಳಿಯಬಾರದೆಂದು ಇರಬೇಕು.

ಅವರು ಹೇಳಿದರು ಕೂಡ. ಕೆಲವು ವಾರ ನಾನು ಕಾರಿಡಾರಿನಲ್ಲಿ ನಡೆದರೆ ಹಿಂದಿನಿಂದ ಯಾರೋ ‘ವೇಲ್’ ಎನ್ನುತ್ತಿದ್ದರು. ನಾನು ತಿರುಗಿ ನೋಡುತ್ತಿರಲಿಲ್ಲ.

ಮುಂದಿನ ಟರ್ಮಿನಿಂದ ಉಕ್ತಲೇಖನವನ್ನು ನಾನು ಬರೆದುಕೊಡುವುದು, ಆ ಸಹೋದ್ಯೋಗಿ ಓದುವುದು ಎಂದಾಯಿತು. ಸ್ಟಾಫ್‌ರೂಮಿನಲ್ಲಿ ಕೂತರೆ ನನ್ನ ವಾಕ್ಯಗಳು ಅವರ ದನಿಯಲ್ಲಿ ಅಂಗಳ ದಾಟಿ ಬರುತ್ತಿದ್ದವು. ಕೇಳಲು ಚೆನ್ನಾಗಿರುತ್ತಿತ್ತು. ನಾನು ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದೆ.