ಅಪ್ಪನ ‘ಹ್ಞೂಂ’ಗೆ ಎಣ್ಣೆಸ್ನಾನ

ಅಪ್ಪ ಪಿಟೀಲು ನುಡಿಸಿದ ಒಂದೇ ಒಂದು ಎಲ್‌ಪಿ ರೆಕಾರ್ಡು ನಮ್ಮಲ್ಲಿ ಉಳಿದಿತ್ತು. ಹಾಡಿದವರು ಬೇರೆಯವರು, ಅಪ್ಪನದು ಪಕ್ಕವಾದ್ಯ. ಎರಡನೇ ಬದಿಯಲ್ಲಿ ಗಾಯಕರು ಒಂದು ಸಂಗತಿಯನ್ನು ಸೊಗಸಾಗಿ ತೆಗೆದಾಗ ಅಪ್ಪ ಮೈಮರೆತು ‘ಹ್ಞೂಂ’ ಎಂದಿದ್ದರು. ಅವರ ದನಿ ಅಂತ ಈ ಭೂಮಿಯ ಮೇಲೆ ಉಳಿದಿದ್ದದ್ದು ಅಷ್ಟೇ.

ಕಣಕಟ್ಟೆಯ ಭಾವ, ಅಂದರೆ ನನ್ನ ಅಕ್ಕನ ಗಂಡ, ಅದನ್ನು ಅರಸೀಕೆರೆಗೆ ಒಯ್ದು ಸೀಡಿ ಮಾಡಿಸಿದರು. ಅಂಗಡಿಯವನು ಕಂಪ್ಯೂಟರಿನಲ್ಲಿ ಗದ್ದಲವನ್ನೆಲ್ಲ ಸೋಸಿಕೊಟ್ಟನಂತೆ. ಸೋಸಿ ಚೆಲ್ಲಿದ ಗಸಿಯಲ್ಲಿ ಅಪ್ಪನೂ ಹೋದರು. ಪಿಟೀಲು ಮಾತ್ರ ಆಸ್ಪತ್ರೆಯ ನೆಲದ ಹಾಗೆ ಥಳಥಳ.

ರೆಕಾರ್ಡು ನನಗೆ ವಾಪಸ್ಸು ಬಂತು, ಜೊತೆಗೆ ಭಾವನ ಫೋನೂ ಬಂತು. “ಸೀಡಿ ಏನ್ ಕ್ಲೀನಾಗೈತೆ ಗೊತ್ತೇನ್ಲಾ! ನಿನ್ ರೆಕಾರ್ಡ್‌ನಾಗೆ ಬರೀ ಪುರಿ ಹುರಿಯೋ ಸದ್ದು.”

ಇಂಥ ಘನವಾದ ವ್ಯಾಜ್ಯ ಫೋನಿನಲ್ಲಿ ಇತ್ಯರ್ಥವಾಗತಕ್ಕದ್ದಲ್ಲ. ರೆಕಾರ್ಡನ್ನೂ ಅದನ್ನು ನುಡಿಸುವ ಪೆಟ್ಟಿಗೆಯನ್ನೂ ತೊಡೆಯ ಮೇಲಿಟ್ಟುಕೊಂಡು ಹಳೇಬೀಡಿನಲ್ಲಿ ಬಸ್ಸು ಹತ್ತಿದೆ. ನ್ಯಾಯಾಧೀಶೆ ಅಕ್ಕ. ಸೀಡಿಯಲ್ಲಿ ಅಪ್ಪ ಇಲ್ಲವೆಂದು ಮೊದಲು ಕಣ್ಣೊರೆಸಿಕೊಂಡವಳೂ ಅವಳೇ.

ಕಣಕಟ್ಟೆ ತಲುಪಿ ನಾನು ಅವರ ಹಿತ್ತಲಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಭಾವ ರೆಕಾರ್ಡನ್ನು ಪಂಚೆಯ ತುದಿಯಿಂದ ತಿಕ್ಕುತ್ತಿದ್ದರು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು.

“ಒಣಗೋಗಿತ್ತು ಕಣ್ಲಾ. ನಮ್ ತ್ವಾಟದ್ದೇ ಎಣ್ಣೆ.”

ಆ ಮನೆಯಲ್ಲಿ ತಲೆಗೂದಲು, ಬಾಗಿಲ ತಿರುಗಣಿ, ಸುಟ್ಟ ಬೆರಳು, ಎಲ್ಲಕ್ಕೂ ಅದೇ ಔಷಧ. ಈಗ ಸಂಗೀತಕ್ಕೂ ಅಭ್ಯಂಜನ.

“ಅದೇನು ಎಮ್ಮೆ ಕೊಂಬಾ ಭಾವ, ಎಣ್ಣೆ ಹಚ್ಚೋಕೆ?” ಎಂದು ಬೀದಿಗೆ ಕೇಳುವಂತೆ ಕಿರುಚಿದೆ.

“ಶಬ್ದ ನುಣ್ಣಗಾಗ್ಲಿ ಅಂತ ಕಣಯ್ಯಾ!”

ಸೋಪುನೀರಲ್ಲಿ ತೊಳೆದೆವು, ಒಣಗಿಸಿದೆವು, ಹಾಕಿದೆವು. ಗಾಯಕರು ಬಾಯಿತುಂಬ ಎಲೆಯಡಿಕೆ ತುಂಬಿಕೊಂಡಂತೆ ಹಾಡಿದರು. ಮುಳ್ಳಿಗೆ ಜಿಡ್ಡು ಮೆತ್ತಿತ್ತು. ಒರೆಸಿ ಎರಡನೇ ಬದಿ ಹಾಕಿದೆ. ಅಪ್ಪನ ‘ಹ್ಞೂಂ’ ಇದ್ದ ಜಾಗ ಹತ್ತಿರ ಬಂತು. ಮೂವರೂ ಪೆಟ್ಟಿಗೆಯ ಕಡೆ ಬಾಗಿದೆವು. ಮುಳ್ಳು ಸರ್ರನೆ ಜಾರಿ ಎಲ್ಲೋ ಮುಂದಕ್ಕೆ ಹೋಗಿ ಬಿತ್ತು.

ಭಾವನ ಮುಖ ಸಣ್ಣಗಾಯಿತು.

“ಕೇಳಿಸ್ತು ಕಣೋ,” ಎಂದಳು ಅಕ್ಕ, ನನ್ನ ಕಡೆ ನೋಡದೆ. “ಅಪ್ಪ ಹ್ಞೂಂ ಅಂದ್ರು.”

“ಹಂಗಾದ್ರೆ ಇನ್ನೊಂದ್ಸಲ ಹಾಕ್ತೀನಿ,” ಎಂದೆ.

“ಬ್ಯಾಡ.” ಮುಳ್ಳಿನ ಕೈಯನ್ನು ಎತ್ತಿ, ಬಿಡದೆ ಹಿಡಿದುಕೊಂಡಳು.

“ನಾನ್ ಹೇಳಲಿಲ್ವಾ? ಎಣ್ಣೆ ಏನೂ ಮಾಡಾಕಿಲ್ಲ,” ಎಂದು ಭಾವ ನಿರಾಳವಾಗಿ ಎಲೆ ಹಾಸಲು ಎದ್ದರು.

ನಾನು ಊಟ ಮಾಡಲಿಲ್ಲ. ಎಣ್ಣೆ ಹಚ್ಚಿದವರನ್ನು ಅಜ್ಞಾನಿಯೆಂದು ಬಿಡಬಹುದು. ಎಲ್ಲ ತಿಳಿದೂ ಗಂಡನ ಮುಖ ನೋಡಿ ಅಂಥ ತೀರ್ಪು ಕೊಟ್ಟ ಅಕ್ಕನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.