ಅಪ್ಪ ಸುತ್ತಿದ ಡೈನಮೊ

ಜಮಖಂಡಿಯ ನಮ್ಮ ಹಿರೀಮನೆಯ ಮುಂದೆ ಅಜ್ಜ ಕೊಂಡ ಇಂಗ್ಲಿಷ್ ಕಾರೊಂದು ನಿಂತಿದೆ. ಅದನ್ನು ಓಡಿಸುವುದು ಕಡಿಮೆ, ತೋರಿಸುವುದು ಜಾಸ್ತಿ. ಹೋದ ವರ್ಷ ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದ ಮೇಲೆ ಅದಕ್ಕೊಂದು ರೋಗ ಹತ್ತಿತು. ಎಂಜಿನ್ ಸ್ವಲ್ಪ ವೇಗ ಹಿಡಿದರೆ ಸಾಕು, ಚಾರ್ಜು ತೋರಿಸುವ ಮುಳ್ಳು ಬಲತುದಿಗೆ ಹೋಗಿ ಅಲ್ಲೇ ಒರಗಿಬಿಡುತ್ತಿತ್ತು. ದೀಪದ ಬಲ್ಬುಗಳು ಒಂದರ ಹಿಂದೊಂದು ಸುಟ್ಟವು. ಹಿಂದಿನ ಸೀಟಿನ ಕೆಳಗಿದ್ದ ಬ್ಯಾಟರಿ ಕುದ್ದು, ಆಸಿಡ್ ಸಿಡಿದು, ದೊಡ್ಡಪ್ಪನ ಹೊಸ ಧೋತರಕ್ಕೆ ತೂತು ಬಿದ್ದವು.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ದೊಡ್ಡಪ್ಪ ಅದೇ ಧೋತರ ಉಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ತೂತು ತೋರಿಸಿದ.

"ನನ್ನ ತಮ್ಮ ಕೈಯಾರೆ ಸುತ್ತಿದ ಡೈನಮೊ ಐತಿದು. ಏನ್ ತಾಕತ್ತೈತಿ ನೋಡ್ರಿ. ಚಾಕ್ಕ ನೀರ ಇಟ್ಟಂಗ ಬ್ಯಾಟರಿ ಕುದಸ್ತೈತಿ."

ಆ ತಮ್ಮ ಎಂದರೆ ನನ್ನ ಅಪ್ಪ. ಬನಹಟ್ಟಿಯಲ್ಲಿ ಮಗ್ಗದ ಮೋಟಾರುಗಳ ಸುರುಳಿ ಸುತ್ತುವ ಅಂಗಡಿ ಇಟ್ಟಿದ್ದ. ಅವನು ಬದುಕಿದ್ದಷ್ಟು ದಿನ ಇದೇ ದೊಡ್ಡಪ್ಪ ನಾಲ್ಕು ಜನ ಉಣ್ಣಲು ಕೂತಲ್ಲೆಲ್ಲ, "ತಂತಿ ಸುತ್ತಿ ಸುತ್ತಿ ಆಯುಷ್ಯ ಹಾಳ ಮಾಡ್ಕೊಂಡ" ಎಂದು ಹೇಳುತ್ತಿದ್ದ. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅಂಗಡಿ ಮುಚ್ಚುವ ಮೊದಲು ಅವನು ಕೊನೆಯದಾಗಿ ಸುತ್ತಿದ್ದು ಈ ಕಾರಿನ ಡೈನಮೊ. ಅವನ ಕೈಕೆಲಸವೆಂದು ನಮಗೆ ಉಳಿದದ್ದು ಅದೊಂದೇ.

ತೀರಿಕೊಂಡ ಮೇಲೆ ಬಂದ ಈ ಹೊಗಳಿಕೆಯಿಂದ ನನಗೆ ಮೈಯೆಲ್ಲ ಉರಿಯಿತು. ಜ್ವರ ಬಂದವನ ಹಣೆ ಮುಟ್ಟಿ, ಎಂಥಾ ಬಿಸಿ ರಕ್ತ ಎಂದು ಮೆಚ್ಚಿಕೊಂಡ ಹಾಗಿತ್ತು. ಮುಧೋಳದಲ್ಲಿ ಕಾಲೇಜು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು ನಾನು. ಒಳ್ಳೆಯ ಡೈನಮೊ ಬ್ಯಾಟರಿಗೆ ಬೇಕಾದಷ್ಟು ಕೊಟ್ಟು ಸುಮ್ಮನಾಗುತ್ತದೆ ಎಂಬುದನ್ನು ದೊಡ್ಡಪ್ಪನಿಗೆ ಹೇಳಿ ನೋಡಿದೆ. ಅವನು ಎಲೆ ಅಡಿಕೆ ಹಾಕಿಕೊಂಡ.

ಅಷ್ಟರಲ್ಲಿ ಅವನ ಮಗ, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುವ ನಮ್ಮಣ್ಣ, ಮಗಳ ಮದುವೆ ಗೊತ್ತುಮಾಡಿದ. ಮದುಮಗಳು ಇದೇ ಕಾರಿನಲ್ಲಿ ಮುಧೋಳಕ್ಕೆ ಹೋಗಬೇಕು, ಸೀರೆಗೆ ಆಸಿಡ್ ಸಿಡಿಯಬಾರದು. ಒಬ್ಬ ಮೆಕ್ಯಾನಿಕ್ಕನನ್ನು ಕರೆತಂದ. ಆ ಮಹಾಶಯ ಮೀಟರ್ ಹಚ್ಚಲಿಲ್ಲ, ಒಂದು ತಂತಿ ಬಿಚ್ಚಲಿಲ್ಲ. ನಟ್ಟು ಬಿಚ್ಚುವ ಪಾನಾದಿಂದ ಡೈನಮೊಗೆ ಎರಡೇಟು ಬಡಿದು ಕಿವಿಗೊಟ್ಟು ಕೇಳಿದ, ಕಲ್ಲಂಗಡಿ ಆರಿಸುವವನ ಹಾಗೆ.

"ಇದು ಮುಗೀತ್ರಿ ಸಾಹೇಬ್ರ. ಬಿಚ್ಚಿ ಗುಜರಿಗೆ ಒಗೀರಿ. ಹೊಸಾ ಆಲ್ಟರ್ನೇಟರ್ ಕುಂದರಸ್ತೇನಿ."

ಅಣ್ಣ ತಲೆಯಾಡಿಸಿದ. ಸೋಮವಾರ ಬಿಚ್ಚುವುದೆಂದಾಯಿತು. ಭಾನುವಾರ ಒಂದು ದಿನ ನನಗೆ ಕೊಡು ಎಂದು ಕೇಳಿದೆ.

"ಇದೇನ್ ನಿಮ್ಮ ಕಾಲೇಜ್ ಲ್ಯಾಬ್ ಅಲ್ಲ ತಂಗೀ," ಎಂದ. ಆದರೂ ಬೀಗದಕೈ ಕೊಟ್ಟ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ದೊಡ್ಡಪ್ಪ, ಅಣ್ಣ ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ತನಿಖಾಧಿಕಾರಿಗಳಂತೆ ನಿಂತರು. ಡೈನಮೊಗೆ ಎರಡು ತಂತಿ. ದಪ್ಪನೆಯದು ಕರೆಂಟು ಹೊರಗೆ ಒಯ್ಯುತ್ತದೆ, ಸಣ್ಣದು ಎಷ್ಟು ಹುಟ್ಟಿಸಬೇಕೆಂದು ಒಳಗೆ ಅಪ್ಪಣೆ ತರುತ್ತದೆ. ಸಣ್ಣದನ್ನು ಕಿತ್ತು ಎಂಜಿನ್ ಚಾಲೂ ಮಾಡಿದೆ. ಮುಳ್ಳು ನಡುವಿನ ಸೊನ್ನೆಗೆ ಬಿದ್ದು ಅಲ್ಲೇ ನಿಂತಿತು. ಸುರುಳಿಯೇ ಕೆಟ್ಟಿದ್ದರೆ ಅಪ್ಪಣೆಯಿಲ್ಲದೆಯೂ ಅದು ಕರೆಂಟು ಕಾರುತ್ತಲೇ ಇರುತ್ತಿತ್ತು. ಅಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ. ಇವರಿಬ್ಬರ ಮುಂದೆ ಅಳುವುದು ಬೇಡವೆಂದು ಎಂಜಿನ್ನಿನ ಮೇಲೆ ಇನ್ನಷ್ಟು ಬಗ್ಗಿದೆ.

ಉಳಿದದ್ದು ಆ ಅಪ್ಪಣೆ ಕೊಡುವ ರೆಗ್ಯುಲೇಟರ್ ಡಬ್ಬಿ. ತಂತಿ ಮತ್ತೆ ಜೋಡಿಸಿದೆ, ಮುಳ್ಳು ಮತ್ತೆ ತುದಿಗೆ ಓಡಿತು. ಡಬ್ಬಿಯ ತಳದಿಂದ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಒಂದು ತಂತಿ ಮುಟ್ಟಿಸಿದೆ. ಮುಳ್ಳು ಹಿಂದಕ್ಕೆ ಬಂದು ನಡುವಿನ ಹತ್ತಿರ ನಿಂತಿತು. ಡಬ್ಬಿಗೆ ಕಾರಿನ ಮೈಯಿಂದ ಸರಿಯಾದ ಅರ್ಥ್ ಸಿಗುತ್ತಿಲ್ಲವೆಂದು ತಿಳಿಯಿತು. ಬಿಚ್ಚಿದೆ. ಕೆಳಗೆ ಹಸಿರು ಬಣ್ಣ ಮಿರಿಮಿರಿ ಮಿಂಚಿತು.

ಪೂಜೆಗೆ ಕೂರುವ ಕಬ್ಬಿಣ ಹಳೆಯ ಮೈಯಲ್ಲಿ ಕೂರಬಾರದು ಎಂಬುದು ದೊಡ್ಡಪ್ಪನ ಶಾಸ್ತ್ರ. ಖಂಡೇಪೂಜೆ ಬಂತೆಂದರೆ ಕುಡಗೋಲು, ಕೊಡ್ಲಿ, ಪಂಪ್‌ಸೆಟ್ಟು, ಹೊಲಿಗೆ ಯಂತ್ರ ಎಲ್ಲಕ್ಕೂ ಒಂದೇ ಡಬ್ಬಿಯ ಹಸಿರು ಬಳಿಯುತ್ತಾನೆ. ಹೋದ ಸಲ ರೆಗ್ಯುಲೇಟರ್ ಬಿಚ್ಚಿ ಅದರ ತಳಕ್ಕೆ, ಅದು ಕೂರುವ ತಗಡಿಗೆ, ಸ್ಕ್ರೂ ತೂತುಗಳಿಗೆ ಸಹ ಬಳಿದು, ಮೇಲೆ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹಚ್ಚಿ ಕೂರಿಸಿದ್ದ. ಸ್ಕ್ರೂ ಹಲ್ಲುಗಳಲ್ಲಿ ಅರೆಬರೆ ಸಂಪರ್ಕ ಉಳಿದಿತ್ತು ಅಷ್ಟೆ. ಕಣ್ಣಿಗೆ ಕಾಣದ ಜಾಗಕ್ಕೂ ಬಣ್ಣ ಬಳಿಯುವ ಇಂಥ ಶ್ರದ್ಧೆಯನ್ನು ಇವನು ತಮ್ಮನ ಮೇಲೆ ಯಾವತ್ತೂ ತೋರಿಸಿರಲಿಲ್ಲ.

ಚಾಕುವಿನಿಂದ ಕಬ್ಬಿಣ ಕಾಣುವವರೆಗೆ ಕೆರೆದು ಡಬ್ಬಿ ಕೂರಿಸಿದೆ. ಎಂಜಿನ್ ಜೋರು ಮಾಡಿದರೂ ಮುಳ್ಳು ಸ್ವಲ್ಪ ಏರಿ, ಇಳಿದು, ನಡುವಿನಿಂದ ಚೂರು ಬಲಕ್ಕೆ ನಿಂತಿತು.

"ಇಷ್ಟ ಏನ?" ದೊಡ್ಡಪ್ಪ ಕೇಳಿದ.

"ಇಷ್ಟ. ಅಪ್ಪ ಇದ್ದಾಗೂ ಇಷ್ಟ ತೋರಸ್ತಿತ್ತು."

"ಮತ್ತ ಆ ತಾಕತ್ತು?"

"ಅದು ಅಪ್ಪಂದಲ್ಲ ದೊಡ್ಡಪ್ಪಾ. ನಿನ್ನ ಬಣ್ಣದ್ದು."

ಅವನು ಒಳಗೆ ಹೋದ. ಅಣ್ಣ ಮೆಕ್ಯಾನಿಕ್ಕನಿಗೆ ಫೋನು ಮಾಡಿ, ಸೋಮವಾರ ಬರುವುದು ಬೇಡವೆಂದ.

ಮದುವೆಯ ದಿನ ಕಾರು ನಾನೇ ಓಡಿಸಿದೆ. ಮುಧೋಳ ಮುಟ್ಟುವವರೆಗೆ ಮುಳ್ಳು ಕದಲಲಿಲ್ಲ, ಮದುಮಗಳ ಸೀರೆಗೆ ಏನೂ ಆಗಲಿಲ್ಲ. ಬೀಗರು ಕಾರಿನ ಸುತ್ತ ನೆರೆದರು. ದೊಡ್ಡಪ್ಪ ಬಾನೆಟ್ ಎತ್ತಿಸಿ, ಅಜ್ಜ ಕಾರು ತಂದ ಕಥೆ ಹೇಳಿದ, ಬಣ್ಣದ ಹೊಳಪು ತೋರಿಸಿದ. ನಾನು ಸ್ಟಿಯರಿಂಗ್ ಹಿಡಿದು ಕೂತಲ್ಲೇ ಅಪ್ಪನ ಹೆಸರು ಬರುವುದನ್ನು ಕಾಯುತ್ತಿದ್ದೆ. ಬೀಗರಲ್ಲೊಬ್ಬರು ಡೈನಮೊದತ್ತ ಬೆರಳು ಮಾಡಿ ಇದೇನ್ರಿ ಎಂದು ಕೇಳಿದರು.

"ಅದ? ಅದೇನಿಲ್ರಿ," ಎಂದ ದೊಡ್ಡಪ್ಪ, ಬಾನೆಟ್ ಮುಚ್ಚಿಸಿದ.